ಗೆರೆ ಮಷೀನಿನ ಸದ್ದು

ಕಾವೇರಿ ನೀರು ನಮ್ಮ ಬೀದಿಗೆ ಬರುವುದು ಬೆಳಗ್ಗೆ ಆರರಿಂದ ಏಳೂವರೆಯವರೆಗೆ. ಅಷ್ಟರಲ್ಲಿ ಎರಡು ಡ್ರಮ್ಮು, ನಾಲ್ಕು ಬಿಂದಿಗೆ, ಬಚ್ಚಲ ತೊಟ್ಟಿ ಎಲ್ಲ ತುಂಬಬೇಕು. ಆ ದಿನ ಮೂರನೇ ಬಿಂದಿಗೆಗೆ ಪೈಪು ಬಿಟ್ಟು, ನಾಲ್ಕನೆಯದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಮುಂದಿನ ಕೋಣೆಯಿಂದ ಮಷೀನಿನ ಸದ್ದು ಬಂತು. ನನ್ನ ಕೈ ಅಲ್ಲೇ ನಿಂತಿತು.

ಸದ್ದು ಸರಿಯಿರಲಿಲ್ಲ. ಹೊತ್ತೂ ಸರಿಯಿರಲಿಲ್ಲ. ನನ್ನ ಗಂಡ ಡೇವಿಡ್ ಹಚ್ಚೆಯ ಮಷೀನುಗಳನ್ನು ಹದ ಮಾಡಿಡುವುದು ಹಿಂದಿನ ದಿನ ಸಂಜೆ, ಅಂಗಡಿ ಮುಚ್ಚುವ ಮುಂಚೆ. ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಆ ಕೋಣೆಗೆ ಹೋಗಿ, ಅವರು ಮಾಡಿದ್ದನ್ನು ಬಿಚ್ಚಿ, ನನ್ನ ಕಿವಿಗೆ ಸರಿ ಎನಿಸುವ ಹಾಗೆ ಕೂರಿಸಿ ಬರುತ್ತಿದ್ದೆ. ಮೂರು ವಾರದಿಂದ ಹೀಗೇ ನಡೆದಿತ್ತು. ಅವರಿಗೆ ತಿಳಿದಿರಲಿಲ್ಲ. ಬಚ್ಚಲು ಇರುವುದು ಗೋಡೆಯ ಆಚೆಯೇ. ಸದ್ದು ಕೇಳದೆ ಹದ ಮಾಡಲಾಗುವುದಿಲ್ಲವಾದ್ದರಿಂದ ನಾನು ಮಷೀನು ಓಡಿಸಿಯೇ ನೋಡಬೇಕಿತ್ತು. ಅಷ್ಟು ದಿನದಲ್ಲಿ ಒಮ್ಮೆಯೂ ಅವರು ಒಳಗಿನಿಂದ ಯಾರದು ಎಂದು ಕೇಳಲಿಲ್ಲ. 

ಆ ದಿನ ಅವರು ಐದೂವರೆಗೇ ಎದ್ದು ಸ್ನಾನ ಮುಗಿಸಿದ್ದರು. ನಾನು ಹಾಲು ತರಲು ಹೋಗಿದ್ದಾಗ ಇರಬೇಕು. ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನೋಡಿದರೆ, ತಲೆಗೂದಲು ಇನ್ನೂ ಒದ್ದೆ, ಮಷೀನನ್ನು ಬಲಗಿವಿಗೆ ಒತ್ತಿಕೊಂಡು ಕೂತಿದ್ದಾರೆ. ಹುಬ್ಬು ಗಂಟಾಗಿತ್ತು.

"ಏಳ್ತಾನೇ ಇಲ್ಲ ಕಣೆ ಇದು. ಮಲಗ್ಬುಟ್ಟಿದೆ," ಎಂದರು.

ನನ್ನ ಕಿವಿಗೆ ಅದು ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕೇಳುತ್ತಿತ್ತು. ನಂಗೇನೋ ಜಾಸ್ತಿನೇ ಓಡ್ತಿದೆ ಅನ್ಸುತ್ತೆ ಎಂದೆ. ಏನು ಎಂದು ಕೇಳಿದರು. ಇನ್ನೊಮ್ಮೆ ಹೇಳಿದೆ. ಪಾತ್ರೆ ಉಜ್ಜಿ ಉಜ್ಜಿ ನಿನ್ನ ಕಿವಿ ಕೆಟ್ಟುಹೋಗಿದೆ ಲಿಡಿಯಾ ಎಂದು ನಕ್ಕು, ತಿರುಪನ್ನು ಇನ್ನೂ ಅರ್ಧ ಸುತ್ತು ಒಳಗೆ ತಿರುಗಿಸಿದರು. ಹಿಂದೆ ಬಿಂದಿಗೆ ತುಂಬಿ ನೀರು ಅಡುಗೆಮನೆಯ ಹೊಸ್ತಿಲಿಗೆ ಬಂದಿತ್ತು.

ಲಷ್ಕರ್ ಮೊಹಲ್ಲಾದ ಈ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೋರ್ಡಿನಲ್ಲಿ ಡೇವಿಡ್ ಟ್ಯಾಟೂ ಎಂದಿದೆ; ಬೀದಿಯ ಅಜ್ಜಿಯರಿಗೆ ಈಗಲೂ ಅದು ಹಚ್ಚೆ ಅಂಗಡಿ. ಇರುವುದು ಎರಡು ಮಷೀನು. ಒಂದು ಗೆರೆ ಎಳೆಯಲು, ಇನ್ನೊಂದು ನೆರಳು ತುಂಬಲು. ಹಳೆಯ ಕಾಲದ ಬಾಗಿಲ ಬೆಲ್ಲಿನೊಳಗೆ ಏನಿರುತ್ತದೋ ಇವುಗಳಲ್ಲೂ ಅದೇ: ಎರಡು ತಾಮ್ರದ ಸುರುಳಿ, ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಯನ್ನು ಎತ್ತಿ ಹಿಡಿಯುವ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ತಾಗುವ ಒಂದು ತಿರುಪು. ಕರೆಂಟು ಕೊಟ್ಟರೆ ಪಟ್ಟಿ ಕುಣಿಯುತ್ತದೆ, ಪಟ್ಟಿಯ ಜೊತೆ ಸೂಜಿ ಕುಣಿಯುತ್ತದೆ. ನೆರಳಿನದು ನಿಧಾನ, ಅದರ ಸ್ಪ್ರಿಂಗು ಮೆದು, ಸದ್ದು ದಪ್ಪ. ಗೆರೆಯದು ಬಿಗಿ, ಚುರುಕು. ಪಟ್ಟಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಸ್ಪ್ರಿಂಗಿಗೂ ತಿರುಪಿಗೂ ನಡುವೆ ಒಂದು ಸಂದು ಬಿಡುತ್ತದೆ. ಗೆರೆಗಾದರೆ ಆ ಸಂದಿನಲ್ಲಿ ಒಂದು ರೂಪಾಯಿ ನಾಣ್ಯ ಹೋಗಿ ಬರಬೇಕು, ನೆರಳಿಗೆ ಐದು ರೂಪಾಯಿಯದು. ಮದುವೆಯಾದ ಹೊಸದರಲ್ಲಿ ಅವರೇ ನನಗೆ ಕಲಿಸಿದ್ದು ಇಷ್ಟು. ಉಳಿದದ್ದು ಕಿವಿ. ನಾನು ಚರ್ಚಿನ ಗಾಯನ ತಂಡದಲ್ಲಿ ಹದಿನೈದು ವರ್ಷದಿಂದ ನಿಂತವಳು, ಹಾಗಾಗಿ ನನಗೆ ಬೇಗ ಬಂತು.

ಸರಿಯಾಗಿ ಕೂತ ಗೆರೆ ಮಷೀನು ಕಿಟಕಿ ಗಾಜಿಗೆ ಸಿಕ್ಕಿಕೊಂಡ ಜೇನ್ನೊಣದಂತೆ ಒಂದೇ ಸಮ ಹಾಡುತ್ತದೆ. ಡೇವಿಡ್‌ಗೆ ಆ ಹಾಡು ಈಗ ಮಂದವಾಗಿ ಕೇಳುತ್ತಿತ್ತು. ಕಿವಿ ಮಂದವಾಗಿದೆ ಎಂದು ಅವರು ಎಣಿಸಲಿಲ್ಲ, ಮಷೀನು ಮಂದವಾಗಿದೆ ಎಂದುಕೊಂಡರು. ತಿರುಪು ಬಿಗಿ ಮಾಡಿದರು, ಕರೆಂಟು ಏರಿಸಿದರು. ಕರೆಂಟಿನ ಪೆಟ್ಟಿಗೆ ನನ್ನ ಮಾವ ಸವರಿಮುತ್ತು ಅವರು ಮಾಡಿಕೊಟ್ಟದ್ದು, ಅದರಲ್ಲಿ ಅಂಕಿಗಳಿಲ್ಲ, ಬರೀ ಒಂದು ತಿರುಗಿಸುವ ಗುಬುಟು. ಅಂಕಿ ತೋರಿಸುವ ಹೊಸ ಪೆಟ್ಟಿಗೆ ತೆಗೆದುಕೊಳ್ಳಿ ಎಂದರೆ, ಅಂಕಿ ನೋಡಿ ಕೆಲಸ ಮಾಡುವವನು ಕರೆಂಟ್ ಬಿಲ್ಲಿನವನು ಎನ್ನುತ್ತಿದ್ದರು. ಹೀಗೆ ಸೂಜಿ ದಿನದಿನಕ್ಕೆ ಜೋರಾಯಿತು. ಕೈ ಮಾತ್ರ ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಹಳೆಯ ವೇಗಕ್ಕೇ ಹೋಗುತ್ತಿತ್ತು. ಒಂದು ಸಲ ಚುಚ್ಚಬೇಕಾದ ಕಡೆ ಎರಡು ಮೂರು ಸಲ ಚುಚ್ಚಿದರೆ ಚರ್ಮ ಕಿತ್ತುಬರುತ್ತದೆ, ಬಣ್ಣ ಕೆಳಗಿಳಿದು ಹರಡುತ್ತದೆ.

ಇದು ನನಗೆ ಗೊತ್ತಾದದ್ದು ವಿಜಯ್‌ಕುಮಾರ್ ಅವರ ತೋಳಿನಿಂದ. ಆಟೋ ಓಡಿಸುವವರು, ಹುಟ್ಟಿದ ಮಗಳ ಹೆಸರು ಲಹರಿ ಎಂದು ಬರೆಸಿಕೊಂಡು ಹೋಗಿದ್ದರು. ತಿಂಗಳಾದ ಮೇಲೆ ಬಂದು ಷರ್ಟಿನ ತೋಳು ಮಡಿಸಿದರು. ಒದ್ದೆ ಕಾಗದದ ಮೇಲೆ ಬರೆದ ಹಾಗೆ ಗೆರೆಗಳು ಊದಿದ್ದವು. ಹಕಾರದ ಹೊಟ್ಟೆ ಮುಚ್ಚಿಹೋಗಿತ್ತು. ಈಜಲು ಹೋಗಿರಬೇಕು, ಕೆರೆದುಕೊಂಡಿರಬೇಕು ಎಂದು ಡೇವಿಡ್ ಹೇಳಿದರು. ಇಲ್ಲ ಅಣ್ಣ, ನೀವ್ ಹೇಳ್ದಂಗೇ ನೋಡ್ಕೊಂಡಿದ್ದೆ ಎಂದು ಅವರು ಮೆತ್ತಗೆ ಹೇಳಿದರು, ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಅದೇ ವಾರ ಊಟಕ್ಕೆ ಕೂತಾಗ, ಕಿವಿ ಒಮ್ಮೆ ತೋರಿಸಿಕೊಂಡು ಬರೋಣವೇ ಎಂದು ಕೇಳಿದ್ದೆ. ಡೇವಿಡ್ ಅರ್ಧ ಊಟಕ್ಕೆ ಕೈ ತೊಳೆದರು. "ನಮ್ಮಪ್ಪನ ಜೊತೆ ನನ್ನ ಸೇರಿಸ್ಬೇಡ," ಎಂದಷ್ಟೇ ಹೇಳಿದರು. ಮಾವ ಬೆಲ್ಲು, ರೇಡಿಯೋ ರಿಪೇರಿ ಮಾಡುತ್ತಿದ್ದವರು. ಐವತ್ತಕ್ಕೆಲ್ಲ ಕಿವಿ ಹೋಗಿ, ಕೊನೆಗೆ ಚರ್ಚಿನ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದ್ದನ್ನು ನೋಡಿ ತಾವೂ ಊರುತ್ತಿದ್ದರು. ಅವರ ಎದುರಿಗೆ ನಿಂತು ಬಾಯಿ ಮಾತ್ರ ಆಡಿಸಿ, ಸದ್ದು ಹೊರಡಿಸದೆ ಗೇಲಿ ಮಾಡುತ್ತಿದ್ದವರಲ್ಲಿ ಡೇವಿಡ್ ಕೂಡ ಒಬ್ಬರು. ಆಗ ಅವರಿಗೆ ಹದಿನೆಂಟು. ಅದನ್ನು ನನಗೆ ಹೇಳಿದ್ದು ಮಾವ ತೀರಿಕೊಂಡ ದಿನ. ಅದಾದ ಮೇಲೆ ಆ ಮಾತು ಎತ್ತಿಲ್ಲ.

ಅದಕ್ಕೇ ನಾನು ಬಾಯಿ ಬಿಡದೆ ತಿರುಪು ತಿರುಗಿಸುವ ದಾರಿ ಹಿಡಿದೆ. ತಪ್ಪು ದಾರಿ. ಆದರೆ ಮೂರು ವಾರ ಯಾರ ಚರ್ಮವೂ ಕೆಡಲಿಲ್ಲ.

ಆ ದಿನ ಬರಬೇಕಾಗಿದ್ದವರು ಜಯಲಕ್ಷ್ಮಿಪುರಂನ ಸುಚಿತ್ರಾ ಎಂಬ ಮೇಡಂ, ಕಾಲೇಜಿನಲ್ಲಿ ಪಾಠ ಹೇಳುವವರು. ಕಳೆದ ವರ್ಷ ಅವರ ತಾಯಿ ತೀರಿಕೊಂಡರಂತೆ. ತಾಯಿಯ ಕೈಬರಹವನ್ನು ಮಣಿಕಟ್ಟಿನ ಒಳಭಾಗದಲ್ಲಿ ಹಾಗೇ ಬರೆಸಿಕೊಳ್ಳಬೇಕು ಎಂದು ಹಿಂದಿನ ವಾರ ಬಂದು ಹೇಳಿ ಹೋಗಿದ್ದರು. ಮಣಿಕಟ್ಟಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಅಲ್ಲಿ ಗೆರೆ ಊದಿದರೆ ಅಳಿಸುವಂತಿಲ್ಲ, ಇನ್ನೊಮ್ಮೆ ಬರೆಯುವಂತಿಲ್ಲ. ಹೊತ್ತು ಕೊಟ್ಟದ್ದು ಹತ್ತೂವರೆಗೆ.

ಒಂಬತ್ತು ಗಂಟೆಗೆ ಟಿಶ್ಯೂ ರೋಲು ಮುಗಿದಿದೆ ಎಂದೆ. ಹೊಸ ರೋಲನ್ನು ನಾನೇ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಮೊನ್ನೆ ತಾನೇ ತಂದಿದ್ದೆನಲ್ಲ ಎಂದು ಗೊಣಗಿಕೊಂಡು ಡೇವಿಡ್ ಚಪ್ಪಲಿ ಮೆಟ್ಟಿದರು. ಅವರು ಬೀದಿಯ ತಿರುವು ದಾಟುವುದನ್ನೇ ನೋಡಿ ಒಳಗೆ ಬಂದು ಮಷೀನು ಎತ್ತಿಕೊಂಡೆ. ಪಟ್ಟಿ ಒತ್ತಿ ನೋಡಿದೆ. ಸಂದಿನಲ್ಲಿ ನಾಣ್ಯ ಇರಲಿ, ಪೋಸ್ಟ್ ಕಾರ್ಡ್ ಕೂಡ ತೂರುವಂತಿರಲಿಲ್ಲ. ತಿರುಪನ್ನು ಹಿಂದಕ್ಕೆ ಬಿಟ್ಟೆ, ಗುಬುಟನ್ನು ಇಳಿಸಿದೆ, ಕಾಲಿನ ಪೆಡಲು ಒತ್ತಿದೆ. ಇನ್ನೂ ಒರಟು. ಮತ್ತೆ ಕಾಲು ಸುತ್ತು.

ನಮ್ಮ ಮಗಳು ಜೆನ್ನಿ ಬಾಗಿಲ ಮೆಟ್ಟಿಲ ಮೇಲೆ ಇಡ್ಲಿ ತಟ್ಟೆ ಹಿಡಿದು ಕೂತಿದ್ದಳು. ಒಂಬತ್ತು ವರ್ಷ, ಬೇಸಿಗೆ ರಜೆ. ತಿರುಗಿಯೂ ನೋಡದೆ, "ಇನ್ನೊಂಚೂರು ಬಿಡಮ್ಮ," ಎಂದಳು. ಬಿಟ್ಟೆ. "ಹಾಂ. ಈಗ."

ಈಗ ಸರಿಯಿತ್ತು. ಅವಳಿಗೆ ಯಾರೂ ಕಲಿಸಿರಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದಿಗೇ ಮಲಗಿದವಳು.

ಅವಳು ಎದ್ದು ಬಂದು ನನ್ನ ಪಕ್ಕ ನಿಂತಳು. ಅವಳ ಮುಖ ನೋಡಿದರೆ ಏನು ಕೇಳುತ್ತಾಳೆಂದು ಗೊತ್ತಾಗುತ್ತಿತ್ತು. ಹಿಂದಿನ ವಾರ ರಜೆಯ ಹೋಂವರ್ಕ್ ಪುಸ್ತಕ ಹಿಡಿದು ಅಪ್ಪನ ಎಡಗಡೆ ನಿಂತು ಮೂರು ಸಲ ಕರೆದು, ಅವರು ತಿರುಗದೆ ಇದ್ದಾಗ ಪುಸ್ತಕ ಮುಚ್ಚಿಕೊಂಡು ನನ್ನ ಹತ್ತಿರ ಬಂದಿದ್ದಳು. ಅಪ್ಪ ಕೆಲಸದ ಮೇಲಿದ್ದಾರೆ ಎಂದಿದ್ದೆ. ಅಪ್ಪ ಪೇಪರ್ ಓದುತ್ತಿದ್ದರು.

"ಅಮ್ಮ, ಅಪ್ಪಂಗೆ..."

"ಮೊದ್ಲು ತಿನ್ನು ಬಂಗಾರ. ತಣ್ಣಗಾಗುತ್ತೆ."

ಅವಳು ತಿಂದಳು. ನಾನು ಮಷೀನನ್ನು ಇದ್ದ ಜಾಗದಲ್ಲೇ ವಾಪಸು ಇಟ್ಟೆ.

ಡೇವಿಡ್ ಎರಡು ರೋಲು ತಂದರು. ಕೈ ತೊಳೆದು ಮೇಜು ಒರೆಸಿ, ಹೊಸ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಣ್ಣದ ಬಟ್ಟಲುಗಳನ್ನು ಸಾಲಾಗಿ ಇಟ್ಟರು. ಅದರಲ್ಲಿ ಅವರಿಗೆ ಎಂದೂ ಚೂರೂ ಅವಸರವಿಲ್ಲ. ಆಮೇಲೆ ಗೆರೆ ಮಷೀನು ಎತ್ತಿಕೊಂಡು ಕಿವಿಗೆ ಹಿಡಿದರು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಜೇನ್ನೊಣದ ಹಾಡು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು. ಅದು ನಿಂತಿತು.

"ಇದನ್ನ ಯಾರು ಮುಟ್ಟಿದ್ದು?"

ತಿರುಪಿನ ಗೀರು ಯಾವ ಕಡೆಗೆ ತಿರುಗಿತ್ತು ಎಂಬುದು ಅವರ ಬೆರಳಿಗೆ ನೆನಪಿತ್ತು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬೇರೆ ದಿನಗಳಲ್ಲಿ ಸಂಜೆ ಮಾಡಿದ್ದು ಬೆಳಗ್ಗೆಗೆ ಮರೆತಿರುತ್ತಿತ್ತು. ಆ ದಿನ ನಡುವೆ ಮೂರು ಗಂಟೆ ಮಾತ್ರ ಕಳೆದಿತ್ತು. ಸೊಪ್ಪು ಬಿಟ್ಟು ಎದ್ದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವರು ಜೆನ್ನಿಯ ಕಡೆಗೆ ತಿರುಗಿದ್ದರು.

"ಇದ್ರ ಮೇಲೆ ಆಟ ಆಡ್ಬೇಡ ಅಂತ ಎಷ್ಟ್ ಸಲ ಹೇಳಿದ್ದೀನಿ ನಿಂಗೆ? ಇವತ್ತೇ ಸಿಕ್ತಾ?"

ಜೆನ್ನಿ ನನ್ನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ನಾನೇ ಮಾಡಿದ್ದು ಎಂಬ ಮಾತು ನನ್ನ ನಾಲಗೆಯ ಮೇಲೇ ಇತ್ತು. ಹಾಗೆಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಮೂರು ವಾರದ್ದೆಲ್ಲ ಹೇಳಬೇಕು. ಅವರು ಆ ಮೇಡಂನ ಎದುರು ಕೂರುವ ಮುಂಚೆ, ನಿಮ್ಮ ಕೆಲಸವನ್ನು ನಾನು ಕದ್ದು ತಿದ್ದುತ್ತಿದ್ದೇನೆ ಎನ್ನಬೇಕು. 

"ಸಾರಿ ಅಪ್ಪ," ಎಂದಳು ಜೆನ್ನಿ.

ಅವಳು ಅಳಲಿಲ್ಲ. ಗೋಡೆಗೆ ಒರಗಿ ನೆಲ ನೋಡುತ್ತ ನಿಂತಳು. ಡೇವಿಡ್ ತಿರುಪನ್ನು ಒಳಕ್ಕೆ ತಿರುಗಿಸಿದರು. ಗುಬುಟನ್ನೂ ಏರಿಸಿದರು, ಬೆಳಗ್ಗೆಗಿಂತ ಸ್ವಲ್ಪ ಹೆಚ್ಚೇ. ಮತ್ತೆ ತಗಡಿನ ಡಬ್ಬದ ಸದ್ದು. ಈಗ ಬಂತು ನೋಡು ಎಂದರು ನನಗೆ, ತೃಪ್ತಿಯಿಂದ.

ಈಗಲೇ ಹೇಳಬೇಕು ಎಂದುಕೊಂಡೆ. ರೀ ಎಂದು ಕರೆದು ಅವರ ಮುಂದೆ ಹೋಗಿ ನಿಂತೆ. ಅವರು ತಲೆ ಎತ್ತಿದರು. ಹೊರಗೆ ಸ್ಕೂಟರ್ ನಿಂತಿತು. ಹತ್ತೂ ಕಾಲಿಗೇ ಮೇಡಂ ಬಂದುಬಿಟ್ಟಿದ್ದರು.

ಸುಚಿತ್ರಾ ಅವರಿಗೆ ನಲವತ್ತರ ಆಚೆ ಈಚೆ. ಹೆಲ್ಮೆಟ್ ಕೈಯಲ್ಲಿ ಹಿಡಿದೇ ಮಾತು ಶುರು ಮಾಡಿದರು. ನಮ್ಮಮ್ಮಂಗೆ ಹಚ್ಚೆ ಅಂದ್ರೆ ಆಗ್ತಿರ್ಲಿಲ್ಲ ಕಣ್ರೀ, ಅವರ ಅಕ್ಷರನೇ ಹಾಕಿಸ್ಕೊಳ್ತಿದ್ದೀನಿ ಅಂದ್ರೆ ಎದ್ದು ಬಂದು ಹೊಡೀತಾರೆ ಎಂದು ನಕ್ಕರು. ನಗುತ್ತಲೇ ಪುಸ್ತಕದೊಳಗಿನಿಂದ ಚೀಟಿ ತೆಗೆದರು. ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಬರೆದದ್ದು. ಊಟ ಮಾಡ್ಕೊಂಡು ಹೋಗು. ಅಷ್ಟೇ. ಮಗಳು ಕಾಲೇಜಿಗೆ ಹೊರಡುವ ಮುಂಚೆ ತಾಯಿ ದೇವಸ್ಥಾನಕ್ಕೆ ಹೋಗುವುದಿದ್ದರೆ ಊಟದ ಮೇಜಿನ ಮೇಲೆ ಹೀಗೆ ಬರೆದಿಡುತ್ತಿದ್ದರಂತೆ. ಸಾವಿರ ಚೀಟಿ ಬಿಸಾಡಿದ್ದೀನಿ, ಇದೊಂದು ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದಕ್ಕೆ ಉಳಿದುಕೊಂಡಿತು ಎಂದರು.

ಸಣ್ಣ ಬರಹ. ಡಕಾರದ ಕೆಳಗಿನ ಒತ್ತು ಸಾಸಿವೆಯಷ್ಟಿತ್ತು. ಹೋಗು ಎನ್ನುವಲ್ಲಿ ಪೆನ್ನಿನ ಮಸಿ ತೀರಿತೋ ಏನೋ, ಕೊನೆಯ ಗೆರೆ ಕೂದಲಿನಂತೆ ಸಪೂರವಾಗಿ ಬಂದಿತ್ತು.

ಡೇವಿಡ್ ಆ ಚೀಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಗಾಜಿನ ಮೇಲಿಟ್ಟು, ಅದರ ಮೇಲೆ ಕಾಗದ ಹಾಸಿ ಒಂದೊಂದೇ ಅಕ್ಷರ ನಕಲು ತೆಗೆದರು. ಮಣಿಕಟ್ಟು ಒರೆಸಿ ನಕಲನ್ನು ಒತ್ತಿ ತೆಗೆದಾಗ ನೇರಳೆ ಬಣ್ಣದಲ್ಲಿ ತಾಯಿಯ ಕೈ ಹಾಗೇ ಬಂತು. ಸುಚಿತ್ರಾ ಕೈಯನ್ನು ಕಣ್ಣಿನ ಹತ್ತಿರ ತಂದು ಓದಿಕೊಂಡರು. ಆಗ ನನಗೆ ಇನ್ನೂ ಭಯವಾಯಿತು. ಡೇವಿಡ್ ಕೈಯಲ್ಲಿ ಏನೂ ಕೊರತೆಯಿಲ್ಲ. ಇಡೀ ಮೈಸೂರಿನಲ್ಲಿ ಆ ಅಕ್ಷರಗಳನ್ನು ಅಷ್ಟು ಪ್ರೀತಿಯಿಂದ ಎತ್ತಿ ಕೂರಿಸುವವರು ಇನ್ನೊಬ್ಬರು ಸಿಗಲಾರರು. ಕೆಡುವುದಿದ್ದರೆ ಅದೇ ಕೈಯಿಂದ ಕೆಡಬೇಕು.

ನೋವು ಜಾಸ್ತಿ ಇರುತ್ತಾ ಎಂದು ಸುಚಿತ್ರಾ ಕೇಳಿದರು. ಡೇವಿಡ್ ಬೆನ್ನು ತಿರುಗಿಸಿ ಸೂಜಿಯ ಪೊಟ್ಟಣ ಹರಿಯುತ್ತಿದ್ದರು. ಉತ್ತರ ಬರಲಿಲ್ಲ. ಸುಚಿತ್ರಾ ನನ್ನತ್ತ ನೋಡಿದರು. ಇರುವೆ ಕಚ್ಚಿದ ಹಾಗೆ ಇರುತ್ತೆ ಮೇಡಂ, ಅವರು ಕೆಲಸಕ್ಕೆ ಕೂತರೆ ಮಾತು ಕಮ್ಮಿ ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಹಿಂದೆ ಎಷ್ಟು ಸಲ ಹೇಳಿದ್ದೆನೆಂದು ಆಗ ತಿಳಿಯಿತು.

ಜೆನ್ನಿ ಇನ್ನೂ ಗೋಡೆಗೆ ಒರಗಿಯೇ ನಿಂತಿದ್ದಳು. ಗಿರಾಕಿ ಇದ್ದಾಗ ಅವಳು ಒಳಗೆ ಹೋಗಬೇಕು ಎಂಬುದು ಮನೆಯ ಪದ್ಧತಿ. ಹೋಗು ಎಂದು ಕಣ್ಣಿನಲ್ಲೇ ಹೇಳಿದೆ. ಅವಳು ಹೋಗಲಿಲ್ಲ.

ಡೇವಿಡ್ ಗ್ಲೌಸು ಹಾಕಿ ಕುರ್ಚಿ ಎಳೆದು ಕೂತರು. ಸುಚಿತ್ರಾ ಅವರ ಕೈಯನ್ನು ದಿಂಬಿನ ಮೇಲೆ ಇರಿಸಿ, ಎಡಗೈಯ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದರು. ನೀಲಿ ನರವೊಂದು ಅಕ್ಷರಗಳ ಅಡಿಯಲ್ಲೇ ಹಾದುಹೋಗಿತ್ತು. ಸೂಜಿಯನ್ನು ಕಪ್ಪು ಬಣ್ಣಕ್ಕೆ ಅದ್ದಿದರು. ಪೆಡಲು ಒತ್ತಿದರು.

ಆ ಚಿಕ್ಕ ಕೋಣೆಯಲ್ಲಿ ಸದ್ದು ಗೋಡೆಗೆ ಬಡಿದು ವಾಪಸು ಬಂತು. ಸುಚಿತ್ರಾ ಭುಜ ಕುಗ್ಗಿಸಿದರು. ಬಣ್ಣದ ಬಟ್ಟಲು ಮೇಜಿನ ಮೇಲೆ ನಡುಗುತ್ತಿತ್ತು.

"ರೀ," ಎಂದೆ.

ಡೇವಿಡ್ ಊ ಅಕ್ಷರದ ತುದಿಯನ್ನೇ ನೋಡುತ್ತಿದ್ದರು.

"ರೀ, ಒಂದ್ನಿಮಿಷ."

ನಾನು ಗಟ್ಟಿಯಾಗಿಯೇ ಹೇಳಿದ್ದೆ. ಸುಚಿತ್ರಾ ತಲೆ ಎತ್ತಿ ನನ್ನನ್ನು ನೋಡಿದರು, ಆಮೇಲೆ ಡೇವಿಡ್ ಕಡೆ ನೋಡಿದರು. ಅವರು ತಿರುಗಲಿಲ್ಲ. ಸೂಜಿ ಚರ್ಮಕ್ಕೆ ಒಂದು ಬೆರಳಿನಷ್ಟು ದೂರದಲ್ಲಿತ್ತು. ಓಡಿಹೋಗಿ ಕೈ ಹಿಡಿಯುವಂತಿಲ್ಲ, ಹಿಡಿದರೆ ಸೂಜಿ ಎಲ್ಲಿಗೆ ಬೀಳುತ್ತದೋ. ಹೊರಗಿನವರ ಎದುರು ಕೂಗಲು ಮನಸ್ಸು ಒಪ್ಪಲಿಲ್ಲ. ಈ ಬೀದಿಯಲ್ಲಿ ಒಂದು ಮಾತು ಹೊರಬಿದ್ದರೆ ಸಂಜೆಯ ಪೂಜೆಯೊಳಗೆ ಚರ್ಚಿನ ಮೆಟ್ಟಿಲು ತಲುಪಿರುತ್ತದೆ. ಇಷ್ಟೆಲ್ಲ ಆ ಕ್ಷಣದಲ್ಲಿ ಯೋಚಿಸಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಪಕ್ಕದಲ್ಲಿ ಒಬ್ಬರ ಕೈ ಚಾಚಿ ಮಲಗಿತ್ತು.

ಜೆನ್ನಿ ಗೋಡೆ ಬಿಟ್ಟು ನಡೆದಳು. ಅಪ್ಪನ ಎಡಭುಜದ ಹತ್ತಿರ ನಿಂತು, ಅಪ್ಪ ಎಂದಳು. ಅವರು ಉಸಿರು ಬಿಗಿಹಿಡಿದು ಸೂಜಿ ಇಳಿಸುತ್ತಿದ್ದರು. ಅವಳು ನನ್ನತ್ತ ನೋಡಿದಳು. ಅಪ್ಪ ಬೈದಾಗ ನೋಡಿದ ಹಾಗೆಯೇ, ಆದರೆ ಈ ಸಲ ಅಪ್ಪಣೆಗಾಗಿ. ನಾನು ತಲೆ ಅಲ್ಲಾಡಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. ತುಟಿಯ ಮೇಲೆ ಬೆರಳು ಮಾತ್ರ ಇಡಲಿಲ್ಲ.

ಅವಳು ಬಗ್ಗಿ ನೆಲದ ಮೇಲೆ ಕೂತಳು. ಕರೆಂಟಿನ ಪೆಟ್ಟಿಗೆಯ ವೈರು ಗೋಡೆಯ ಪ್ಲಗ್ಗಿನವರೆಗೂ ಹೋಗಿತ್ತು. ಅವಳು ಸ್ವಿಚ್ಚು ಆರಿಸಿದಳು.

ಮಷೀನು ನಿಂತಿತು. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಒಮ್ಮೆಲೇ ಒಳಗೆ ಬಂತು. ಡೇವಿಡ್ ಎರಡು ಸಲ ಪೆಡಲು ಒತ್ತಿ ನೋಡಿದರು. ಕರೆಂಟ್ ಹೋಯ್ತಾ ಎಂದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಸ್ವಿಚ್ಚಿನ ಹತ್ತಿರ ಇನ್ನೂ ಕೈ ಇಟ್ಟುಕೊಂಡೇ ಇದ್ದ ಮಗಳನ್ನು. ಅವರ ಮುಖಕ್ಕೆ ರಕ್ತ ಏರಿತು. ಬೈಯುತ್ತಾರೆ ಎಂದುಕೊಂಡೆ. ಸುಚಿತ್ರಾ ತಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ನಾನೇ ರೀ," ಎಂದೆ. "ಬೆಳಗ್ಗೆ ಮುಟ್ಟಿದ್ದು ನಾನು. ಅವಳಲ್ಲ."

ಅವರಿಗೆ ಅದು ಕೇಳಿತೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ಜೆನ್ನಿಯ ಮೇಲೇ ಇತ್ತು. ಅವಳು ಎದ್ದಳು. ಕುರ್ಚಿಯ ಹಿಂದಿನಿಂದ ಸುತ್ತಿ ಬಂದು ಅವರ ಮುಂದೆ, ತೀರ ಹತ್ತಿರ, ಮೊಣಕಾಲಿಗೆ ತಾಗಿಕೊಂಡು ನಿಂತಳು. ಅವರ ಕಣ್ಣು ತನ್ನ ಬಾಯಿಯ ಕಡೆಗೆ ಇಳಿಯುವವರೆಗೂ ಕಾದಳು. ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ, ಜೋರಾಗಿ ಕೇಳಿದಳು.

"ಅಪ್ಪ, ನಿಮ್ಗೆ ಕಿವಿ ಕೇಳಿಸ್ತಾ ಇಲ್ವಾ?"